ಬೇಟೆಯ ಬಿಲ್ಲು, ಗುರಿಯ ಬಿಲ್ಲು

ಮಂಡ್ಯ ಜಿಲ್ಲೆಯ ಬಸರಾಳಿನಲ್ಲಿ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಅದರ ಗೋಡೆಯ ಮೇಲೆ ಅರ್ಜುನ ಮತ್ಸ್ಯಯಂತ್ರಕ್ಕೆ ಬಾಣ ಬಿಡುತ್ತಾನೆ, ದ್ರೌಪದಿ ಹಾರ ಹಿಡಿದು ಧಾವಿಸುತ್ತಾಳೆ. ಬೇಲೂರಿನ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಇದ್ದಾಳೆ. ಗುರಿಯಾಟ, ಬೇಟೆ ಎರಡನ್ನೂ ಹೊಯ್ಸಳ ಶಿಲ್ಪಿಗಳು ಬೇರೆಬೇರೆಯಾಗಿಯೇ ಕಡೆದರು. ಇವತ್ತು ಲಾಂಗ್‌ಬೋ ಎಂಬ ಉದ್ದನೆಯ ಬಿಲ್ಲು ಕೊಳ್ಳಲು ಹೊರಟವರಿಗೆ ಮಾತ್ರ ಎರಡೂ ಕಲಸಿಹೋಗಿವೆ.

ತುಮಕೂರಿನ ಉಪ್ಪಾರಹಳ್ಳಿಯ ಹುಡುಗನೊಬ್ಬ ಬಿಲ್ಲುಗಾರಿಕೆಗೆ ಇಳಿದನೆನ್ನಿ. ಅವನ ಕಣ್ಣು ಮೊದಲು ಹೋಗುವುದು 'ಬೇಟೆ' ಎಂಬ ಹಣೆಪಟ್ಟಿಯ, 50 ಪೌಂಡ್ ಸೆಳೆತದ ಬಿಲ್ಲಿನ ಮೇಲೆ. ಹುರಿಯಾಳಿನ ಬಿಲ್ಲು ಎಂಬ ಗತ್ತು ಅದಕ್ಕಿದೆ. ಆದರೆ ದೇವರಾಯನದುರ್ಗದ ಕಾಡಿನಲ್ಲಿ ಅದನ್ನು ಎತ್ತಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಇನ್ನುಳಿದದ್ದು ಮೈದಾನ.

ಮೈದಾನದಲ್ಲಿ ಲೆಕ್ಕವೇ ಬೇರೆ. ಬೇಟೆಗಾರ ಹೊಂಚು ಹಾಕಿ, ಹದಿನೈದಿಪ್ಪತ್ತು ಮೀಟರ್ ಹತ್ತಿರಕ್ಕೆ ಸರಿದು, ಒಂದೇ ಬಾಣ ಬಿಡುತ್ತಾನೆ. ಬಾಣ ಭಾರವಾಗಿದ್ದು ಆಳಕ್ಕೆ ಇಳಿಯಬೇಕು, ಅದಕ್ಕೇ ಬಿಗಿಯಾದ ಬಿಲ್ಲು. ಒಲಿಂಪಿಕ್ಸ್ ಮಾದರಿಯ ಅರ್ಹತಾ ಸುತ್ತಿನಲ್ಲಿ ಬಿಲ್ಲುಗಾರ 72 ಬಾಣ ಬಿಡಬೇಕು. 50 ಪೌಂಡಿನ ಬಿಲ್ಲನ್ನು ಅಷ್ಟು ಸಲ ಸೆಳೆದರೆ ಒಟ್ಟು 3,600 ಪೌಂಡ್, ಅಂದರೆ ಸುಮಾರು 1,630 ಕಿಲೋ. 30 ಪೌಂಡಿನದಾದರೆ ಸಾವಿರ ಕಿಲೋಗೂ ಕಡಿಮೆ. ಮೊದಲ ಹತ್ತು ಬಾಣಕ್ಕೆ ಯಾವ ತೋಳೂ ಸಾಕು. ಕೊನೆಯ ಹತ್ತರಲ್ಲಿ ಭುಜ ನಡುಗಿ, ಹೆದೆ ಅರ್ಧಕ್ಕೇ ಜಾರುತ್ತದೆ.

ಇಲ್ಲಿ ಬಿಗಿ ಬಿಲ್ಲಿನ ಪರವಾಗಿ 'ಮೇರಿ ರೋಸ್' ಹಡಗಿನ ಕಥೆ ಎತ್ತುವವರಿದ್ದಾರೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ಆ ಇಂಗ್ಲಿಷ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳ ಸೆಳೆತ 100 ಪೌಂಡಿಗೂ ಮೇಲೆಂದು ಅಂದಾಜು. ಅವು ಸೈನಿಕರ ಬಿಲ್ಲುಗಳು. ಬೇಟೆಗೂ ಅಲ್ಲ, ಗುರಿಯಾಟಕ್ಕೂ ಅಲ್ಲ.

ಬಿಲ್ಲಿನ ಮೇಲೆ ಬರೆದ ಸೆಳೆತದ ತೂಕವನ್ನೂ ಕುರುಡಾಗಿ ನಂಬಬಾರದು. ಅದು ಸಾಮಾನ್ಯವಾಗಿ 28 ಇಂಚು ಸೆಳೆದಾಗಿನ ಲೆಕ್ಕ. ತೋಳು ಚಿಕ್ಕದಾದರೆ ಇಂಚಿಗೆ ಎರಡು ಮೂರು ಪೌಂಡ್ ಇಳಿಯುತ್ತದೆ, ಉದ್ದವಾದರೆ ಏರುತ್ತದೆ. ಬಿಲ್ಲಿಗಿಂತಲೂ ಬಾಣದ ವಿಷಯ ಕಟ್ಟುನಿಟ್ಟು. ಲಾಂಗ್‌ಬೋದಲ್ಲಿ ಬಾಣ ಹಿಡಿಯ ಪಕ್ಕಕ್ಕೆ ಒರಗಿ ನಿಲ್ಲುವುದರಿಂದ, ಹೊರಡುವಾಗ ಬಳುಕಿ ಅದನ್ನು ಸುತ್ತಿಕೊಂಡು ಹೋಗಬೇಕು. ಬಳುಕು ಹೆಚ್ಚಾದರೂ ಕಡಿಮೆಯಾದರೂ ಬಾಣ ಅಡ್ಡ ಹಾಯುತ್ತದೆ. ತೀರಾ ಹಗುರ ಬಾಣವಾದರೆ ಬಿಲ್ಲೇ ಸೀಳಬಹುದು.

ಹಾಗಾಗಿ ಆ ಹುಡುಗನಿಗೆ ಕಡಿಮೆ ಸೆಳೆತದ ಬಿದಿರು ಬಿಲ್ಲೇ ಸರಿ. ದೇಶೀಯ ಸ್ಪರ್ಧೆಗಳ 'ಇಂಡಿಯನ್ ರೌಂಡ್' ನಡೆಯುವುದೂ ಅದರಲ್ಲೇ, 50 ಮತ್ತು 30 ಮೀಟರ್‌ಗಳಲ್ಲಿ. ಬಿಲ್ಲಿಗೆ ಕಡಿಮೆ ಖರ್ಚು ಮಾಡಿ, ಉಳಿದ ಹಣವನ್ನು ಹೊಂದುವ ಬಾಣಗಳ ಮೇಲೆ ಹಾಕಲಿ. ಬೇಟೆಯ ಗುಂಗು ಬಿಡದಿದ್ದರೆ ಮುಂದೆ ತ್ರೀ-ಡಿ ಸ್ಪರ್ಧೆಗಳಿವೆ. ಅಲ್ಲಿ ಫೋಮಿನ ಜಿಂಕೆ ಹಂದಿಗಳಿಗೆ ಗುರಿಯಿಡಬೇಕು. ದೂರವನ್ನು ಕಣ್ಣಳತೆಯಲ್ಲೇ ಅಳೆಯಬೇಕು, ಲಾಂಗ್‌ಬೋದವರಿಗೆ ಬಾಣ ಮರದ್ದೇ ಆಗಿರಬೇಕು.