ಮಸ್ಕಿಯ ಅಶೋಕ ಶಾಸನ: ಪಾಠಪೂರಣದ ಮೇರೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಹಾದಿಯಲ್ಲಿರುವ ಮಸ್ಕಿಯ ಶಿಲಾಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರರಾದ ಸಿ. ಬೀಡನ್ ಬೆಳಕಿಗೆ ತಂದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದರು. ಶಿಲೆ ಸವೆದು ಹಲವು ಅಕ್ಷರಗಳು ನಷ್ಟವಾಗಿವೆ. ಆ ನಷ್ಟವನ್ನು ತುಂಬುವ ಕ್ರಮವನ್ನು ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಲಘುಶಿಲಾಶಾಸನವೆಂದು ಪ್ರಸಿದ್ಧವಾದ ಈ ಪಾಠವು ಒಂದೇ ರಾಜಾಜ್ಞೆಯ ಕವಲು. ರೂಪನಾಥ, ಸಹಸ್ರಾಮ, ಬ್ರಹ್ಮಗಿರಿ, ಕೊಪ್ಪಳದ ಗವಿಮಠ ಮೊದಲಾದೆಡೆಗಳ ಪ್ರತಿಗಳು ಇದರ ಸೋದರಗಳು. ಹೊರಡುವಾಗ ಇವೆಲ್ಲಕ್ಕೂ ಇದ್ದ ನೆನಪು ಒಂದೇ. ಕವಲೊಡೆದ ಮೇಲೆ ಒಂದೊಂದೂ ತನ್ನದನ್ನು ಕೂಡಿಸಿಕೊಂಡಿತು. ಬ್ರಹ್ಮಗಿರಿಯ ಪ್ರತಿಯು ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಒಕ್ಕಣೆಯಿಂದ ಮೊದಲಾಗುತ್ತದೆ. ಅದು ಆ ಪ್ರಾಂತದ ಆಡಳಿತಕ್ಕೆ ಸೇರಿದ ಮಾತು. ಮಸ್ಕಿಯ ಬಿರುಕಿಗೆ ಅದನ್ನು ತಂದು ತುಂಬಲಾಗದು.

ಮಸ್ಕಿಗೂ ತನ್ನದೇ ಆದ ಸ್ವತ್ತುಂಟು. ಇದರ ಆರಂಭದಲ್ಲಿ 'ದೇವಾನಂಪಿಯಸ ಅಸೋಕಸ' ಎಂದಿದೆ. 1915ರವರೆಗೆ ತಿಳಿದಿದ್ದ ಯಾವ ಪ್ರತಿಯಲ್ಲಿಯೂ ಅಶೋಕನೆಂಬ ಹೆಸರು ಇರಲಿಲ್ಲ. ಪ್ರಿಯದರ್ಶಿಯೇ ಅಶೋಕನೆಂಬ ನಿರ್ಣಯವು ಸಿಂಹಳದ ವಂಶಕಥೆಗಳನ್ನು ಆಶ್ರಯಿಸಿತ್ತು. ಈ ಶಿಲೆಯ ಹೆಸರು ಅಳಿದು, ಸಂಪಾದಕರು ಸೋದರಪ್ರತಿಗಳ ಬಲದಿಂದ ಆ ಸಾಲನ್ನು ತುಂಬಿದ್ದರೆ, ಪಾಠ ನಿರ್ದುಷ್ಟವಾಗಿ ತೋರುತ್ತಿತ್ತು, ಇತಿಹಾಸ ಮಾತ್ರ ಕಳೆದುಹೋಗುತ್ತಿತ್ತು. ಇತರ ಪ್ರತಿಗಳು 'ಉಪಾಸಕ'ನೆನ್ನುವಲ್ಲಿ ಮಸ್ಕಿಯಲ್ಲಿ 'ಬುಧ ಶಕೆ' ಎಂದು ಹುಲ್ಟ್ಜ್ ಅವರು 1925ರ ಸಂಪುಟದಲ್ಲಿ ಓದಿದುದನ್ನೂ ಇಲ್ಲಿ ನೆನೆಯಬೇಕು. ಬಹುಮತವನ್ನು ನೋಡಿ ಇದನ್ನು ತಿದ್ದುವುದು ಶಾಸ್ತ್ರವಲ್ಲ.

ಹಾಗೆಂದು ಪೂರಣವೇ ಸಲ್ಲದೆಂದು ನಾವು ಹೇಳುವುದಿಲ್ಲ. ಎಲ್ಲ ಪ್ರತಿಗಳೂ ಸಮ್ಮತಿಸುವ ಭಾಗವನ್ನು ಮಸ್ಕಿಯಲ್ಲಿ ತುಂಬಬಹುದು. ಆದರೆ ಉಳಿದ ಅಕ್ಷರಗಳೂ ಬಿರುಕಿನ ಅಳತೆಯೂ ಅದಕ್ಕೆ ಒಪ್ಪಬೇಕು, ತುಂಬಿದ್ದು ಚೌಕಕಂಸದಲ್ಲಿರಬೇಕು. ಪ್ರತಿಗಳು ಭಿನ್ನವಾದಲ್ಲಿ ಬಿರುಕನ್ನು ಬಿರುಕಾಗಿಯೇ ಬಿಡುವುದು ಲೇಸು. ಗುಜರ್ರಾದಲ್ಲಿಯೂ, 1970ರ ದಶಕದಲ್ಲಿ ತುಂಗಭದ್ರೆಯಾಚೆಯ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಅಶೋಕನ ಹೆಸರು ದೊರೆತುದರಿಂದ ಮಸ್ಕಿಯ ಸಾಕ್ಷ್ಯ ದೃಢಪಟ್ಟಿತು. ಅದು ದೃಢಪಡಲು ಮೊದಲು ಮಸ್ಕಿಯ ಪಾಠ ತಿದ್ದದೆ ಉಳಿದಿರಬೇಕಾಗಿತ್ತಷ್ಟೆ.

ನಮ್ಮ ತರಗತಿಗಳಲ್ಲಿ ಹಲವು ಪ್ರತಿಗಳನ್ನು ಬೆಸೆದು ಒಂದೇ ಅನುವಾದವಾಗಿ ಓದಿಸುವುದುಂಟು. ಕಂಸವು ಬಿದ್ದುಹೋದ ಅಂಥ ಅನುವಾದದಲ್ಲಿ ಶಿಲೆ ಹೇಳಿದ್ದೆಷ್ಟು, ಸಂಪಾದಕ ಹೇಳಿದ್ದೆಷ್ಟು ಎಂಬುದು ವಿದ್ಯಾರ್ಥಿಗೆ ತಿಳಿಯದು. ಮಸ್ಕಿಯನ್ನು ಮಸ್ಕಿಯಾಗಿಯೇ ಓದಿಸಿ, ಅನಂತರ ಸೋದರಪ್ರತಿಗಳೊಡನೆ ಹೋಲಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.