ಕಳ್ಳರು ಹೋದ ಮೇಲೆ ಬಂದ ಬಿಲ್

ಪಾರ್ಸೆಲ್ ಹಂಚುವವನೊಬ್ಬ ದರೋಡೆಗೆ ಸಿಕ್ಕರೆ ನಷ್ಟ ಯಾರದ್ದು? ಕೆನ್ ಲೋಚ್ ನಿರ್ದೇಶಿಸಿ, ಪಾಲ್ ಲಾವರ್ಟಿ ಚಿತ್ರಕಥೆ ಬರೆದ ‘ಸಾರಿ ವಿ ಮಿಸ್ಡ್ ಯು’ (2019) ಈ ಪ್ರಶ್ನೆಯನ್ನು ತನ್ನ ಕೊನೆಯ ಭಾಗಕ್ಕೆ ಉಳಿಸಿಕೊಂಡಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರು. ವ್ಯಾನ್ ಓಡಿಸುವ ರಿಕ್ಕಿ ಗಾಡಿಯ ಹಿಂಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಮೂತ್ರ ಮಾಡುತ್ತಿರುವಾಗ ಕೆಲವರು ಮೇಲೆ ಬೀಳುತ್ತಾರೆ. ಹೊಡೆದು ಕೆಡವಿ, ಪಾರ್ಸೆಲ್ ದೋಚಿ, ಆ ಬಾಟಲಿಯನ್ನು ಅವನ ಮೈಮೇಲೆಯೇ ಸುರಿದು ಓಡುತ್ತಾರೆ. ಬೇಗ ಮುಗಿದುಹೋಗುವ ದೃಶ್ಯ. ಬೇರೆ ನಿರ್ದೇಶಕರಾಗಿದ್ದರೆ ಕಳ್ಳರ ಬೆನ್ನು ಹತ್ತುತ್ತಿದ್ದರು. ಲೋಚ್ ನಮ್ಮನ್ನು ನೇರ ಆಸ್ಪತ್ರೆಗೆ ಕರೆದೊಯ್ಯುತ್ತಾರೆ.

ಊದಿಕೊಂಡ ಮುಖದಲ್ಲಿ, ಹೆಂಡತಿ ಆ್ಯಬಿಯ ಪಕ್ಕದಲ್ಲಿ ಸರದಿಗಾಗಿ ಕೂತ ರಿಕ್ಕಿಗೆ ಡಿಪೋ ಮೇಲ್ವಿಚಾರಕ ಮಲೋನಿಯ ಫೋನ್ ಬರುತ್ತದೆ. ಕುಶಲ ವಿಚಾರಣೆ ಒಂದೆರಡು ಮಾತಿನಲ್ಲಿ ಮುಗಿದು ಲೆಕ್ಕ ಶುರು. ಕಳುವಾದ ಪಾಸ್‌ಪೋರ್ಟುಗಳಿಗೆ ವಿಮೆ ಇಲ್ಲ. ಕಳ್ಳರು ಒಡೆದು ಹಾಕಿದ ಸ್ಕ್ಯಾನರಿಗೆ ಸಾವಿರ ಪೌಂಡ್. ಅದೂ ಅವನೇ ತೆರಬೇಕು. ನನ್ನ ಮಟ್ಟಿಗೆ ಚಿತ್ರದ ದರೋಡೆ ಇದು. ಬೀದಿಯಲ್ಲಿ ನಡೆದದ್ದಕ್ಕೆ ಪೊಲೀಸರಿಗೆ ದೂರು ಕೊಡಬಹುದು. ಇದಕ್ಕೆ ಕೊಡಲು ಬಾರದು, ಏಕೆಂದರೆ ರಿಕ್ಕಿ ಕಾಗದದ ಮೇಲೆ ಕಂಪನಿಯ ನೌಕರನಲ್ಲ, ‘ಸ್ವಂತ ಉದ್ಯೋಗಿ’. ಲಾಭದಲ್ಲಿ ಅವನನ್ನು ಪಾಲುದಾರ ಎನ್ನುವವರು ಯಾರೂ ಇಲ್ಲ, ನಷ್ಟಕ್ಕೆ ಮಾತ್ರ ಅವನೇ ಮಾಲೀಕ.

ಚಿತ್ರಕಥೆಯ ಜಾಣ್ಮೆ ಕಾಣುವುದು ಆ ಬಾಟಲಿಯಲ್ಲಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಸಹೋದ್ಯೋಗಿಯೊಬ್ಬ ಅದನ್ನು ಕೊಡುತ್ತಾನೆ. ರಿಕ್ಕಿಗೆ ಅದು ತಮಾಷೆ. ಆದರೆ ಚಾಲಕ ಎರಡು ನಿಮಿಷಕ್ಕಿಂತ ಹೆಚ್ಚು ಗಾಡಿ ಬಿಟ್ಟಿದ್ದರೆ ಸ್ಕ್ಯಾನರ್ ಬೀಪ್ ಎನ್ನತೊಡಗುತ್ತದೆ. ಶೌಚಾಲಯ ಹುಡುಕಿಕೊಂಡು ಹೋಗುವ ಮಾತೇ ಇಲ್ಲ. ಬಿಡುವಿಲ್ಲದ ಕೆಲಸಕ್ಕೆ ಬಾಟಲಿ ಬಂತು, ಬಾಟಲಿಯಿಂದಾಗಿ ಅವನು ಗಾಡಿಯ ಹಿಂದೆ ಒಂಟಿಯಾಗಿ ನಿಲ್ಲುವಂತಾಯಿತು, ಕಳ್ಳರಿಗೆ ಬೇಕಾಗಿದ್ದೂ ಅಷ್ಟೇ. ಯಾವ ಪಾತ್ರವೂ ಇದನ್ನು ಬಿಡಿಸಿ ಹೇಳುವುದಿಲ್ಲ. ಸುರಕ್ಷತೆ ಎಂದರೆ ಬೀಗ, ಕ್ಯಾಮೆರಾ ಎಂದುಕೊಂಡವರು ವೇಳಾಪಟ್ಟಿಯನ್ನೂ ಆ ಸಾಲಿಗೆ ಸೇರಿಸಬೇಕು ಎಂದು ಚಿತ್ರ ತೋರಿಸಿಯೇ ತಿಳಿಸುತ್ತದೆ.

ಮಲೋನಿ ಅತಿಯಾಯಿತು ಎನ್ನುವವರಿದ್ದಾರೆ. 2018ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಡಿಪಿಡಿ ಸಂಸ್ಥೆಗೆ ಪಾರ್ಸೆಲ್ ಹಂಚುತ್ತಿದ್ದ ಮಧುಮೇಹಿ ಚಾಲಕರೊಬ್ಬರು ತೀರಿಕೊಂಡರು. ಆಸ್ಪತ್ರೆಗೆ ಹೋಗಲೆಂದು ಒಂದು ದಿನ ಕೆಲಸ ತಪ್ಪಿಸಿದ್ದಕ್ಕೆ ಅವರಿಗೆ 150 ಪೌಂಡ್ ದಂಡ ಬಿದ್ದಿತ್ತು. ಇದರ ಮುಂದೆ ಮಲೋನಿ ಸಾಧಾರಣ ಮನುಷ್ಯ.

ಇಷ್ಟಾದರೂ ಚಿತ್ರಕ್ಕೆ ಪೂರ್ತಿ ಅಂಕ ಕೊಡಲು ಮನಸ್ಸಾಗದು. ಒಂದೇ ಸಂಸಾರದ ಮೇಲೆ ಲಾವರ್ಟಿ ಹೇರುವ ಕಷ್ಟಗಳ ಲೆಕ್ಕ ತಪ್ಪಿದೆ: ಮಗನಿಗೆ ಶಾಲೆಯಲ್ಲಿ ತಕರಾರು, ಅಂಗಡಿಯಲ್ಲಿ ಕಳ್ಳತನ, ಮಗಳು ಬಚ್ಚಿಟ್ಟ ವ್ಯಾನಿನ ಕೀಲಿ. ಶನಿ ಹೆಗಲೇರಿದ ಕತೆಯಂತೆ ಒಂದರ ಮೇಲೊಂದು. ಇವೆಲ್ಲ ಆದ ಮೇಲೆ ಬರುವ ದರೋಡೆ ವೃತ್ತಿಯ ಅಪಾಯದಂತೆ ಕಾಣದೆ ಹಣೆಬರಹದ ಕೊನೆಯ ಸಾಲಿನಂತೆ ಕಾಣಿಸುತ್ತದೆ. ಡಿಪೋದ ಬೇರೆ ಚಾಲಕರಿಗೂ ಹೀಗೆ ಆಗಿದೆಯೇ? ಯಾವ ಬೀದಿ ಕೆಟ್ಟದ್ದು, ಯಾವ ಹೊತ್ತಿನಲ್ಲಿ ಗಾಡಿ ನಿಲ್ಲಿಸಬಾರದು ಎಂದು ಅವರವರಲ್ಲೇ ಮಾತಾಡಿಕೊಳ್ಳುವುದಿಲ್ಲವೇ? ಇಂಥ ಕಸುಬಿನವರ ಬಾಯಲ್ಲಿ ಸದಾ ಇರಬೇಕಾದ ಮಾತಿಗೆ ಚಿತ್ರದಲ್ಲಿ ಜಾಗವಿಲ್ಲ. ಕಂಪನಿಯ ಲೆಕ್ಕಪುಸ್ತಕವನ್ನು ಅಷ್ಟು ಹತ್ತಿರದಿಂದ ನೋಡಿದ ಲೋಚ್ ರಸ್ತೆಯನ್ನು ದೂರದಿಂದಷ್ಟೇ ನೋಡಿದ್ದಾರೆ.

ಕರ್ನಾಟಕದಲ್ಲಿ ಕೂತು ನೋಡುವವರಿಗೆ ಇನ್ನೊಂದು ಕೊರತೆಯೂ ತಾಕುತ್ತದೆ. ರಿಕ್ಕಿಗೆ ಅಪಾಯ ಬರುವುದು ಗಿರಾಕಿಯ ಮನೆಗಳ ನಡುವಿನ ದಾರಿಯಲ್ಲಿ. ನಮ್ಮಲ್ಲಿ ಅದು ಗಿರಾಕಿಯ ಬಾಗಿಲಲ್ಲೇ ಇರಬಹುದು. ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ 2023ರ ಫೆಬ್ರವರಿಯಲ್ಲಿ ನಡೆದದ್ದನ್ನು ಮರೆಯುವುದು ಕಷ್ಟ. ಸುಮಾರು 46 ಸಾವಿರ ರೂಪಾಯಿಯ ಸೆಕೆಂಡ್ ಹ್ಯಾಂಡ್ ಐಫೋನ್ ಕ್ಯಾಶ್ ಆನ್ ಡೆಲಿವರಿಯಲ್ಲಿ ಆರ್ಡರ್ ಆಗಿತ್ತು. ಆರ್ಡರ್ ಮಾಡಿದವನ ಕೈಯಲ್ಲಿ ಹಣವಿರಲಿಲ್ಲ, ಫೋನ್ ತಂದ ಯುವಕನನ್ನೇ ಮನೆಯೊಳಗೆ ಇರಿದು ಕೊಂದ ಎಂಬುದು ಪೊಲೀಸರ ಆರೋಪ. ಮರುವರ್ಷ ಸೆಪ್ಟೆಂಬರಿನಲ್ಲಿ ಲಖನೌದ ಚಿನ್‌ಹಟ್‌ನಲ್ಲೂ ಹೆಚ್ಚುಕಡಿಮೆ ಇದೇ ಬಗೆಯ ಕೊಲೆ. ಅಲ್ಲೂ ದುಬಾರಿ ಫೋನುಗಳು, ಅಲ್ಲೂ ಕ್ಯಾಶ್ ಆನ್ ಡೆಲಿವರಿ.

ಹೊಂಚು ಹಾಕುವವನಿಗೆ ಇಲ್ಲಿ ದಾರಿ ಕಾಯುವ ಕೆಲಸವೂ ಇಲ್ಲ. ಯಾವ ವಸ್ತು, ಯಾವ ದಿನ, ಯಾವ ವಿಳಾಸ ಎಂಬುದನ್ನು ಆರಿಸುವವನು ಅವನೇ; ತಂದುಕೊಡುವವನಿಗೆ ಒಂದು ಹೆಸರು, ಒಂದು ಫೋನ್ ನಂಬರು ಬಿಟ್ಟರೆ ಏನೂ ಗೊತ್ತಿರುವುದಿಲ್ಲ. ಹಣ ತರುತ್ತೇನೆ, ಒಳಗೆ ಕೂತಿರಿ ಎಂದರೆ ಕೂರಬೇಕು. ಸಂಜೆ ಹಬ್‌ಗೆ ಒಪ್ಪಿಸುವ ತನಕ ದಿನದ ನಗದೆಲ್ಲ ಅವನ ಬ್ಯಾಗಿನಲ್ಲೇ. ಗಿರಾಕಿಗೆ ಕಂಪನಿಯ ಮೇಲೆ ನಂಬಿಕೆ ಬರಲೆಂದು ಬೆಳೆದ ಪದ್ಧತಿ ಇದು. ಆ ನಂಬಿಕೆಯ ಅಪಾಯವನ್ನು ಹೊತ್ತು ತಿರುಗುವವನು ಮಾತ್ರ ಬೈಕಿನ ಮೇಲಿದ್ದಾನೆ. ಭುವನೇಶ್ವರದ ಫುಡ್ ಡೆಲಿವರಿ ಕೆಲಸಗಾರನ ಮೇಲೆ ನಂದಿತಾ ದಾಸ್ ಮಾಡಿದ ‘ಜ್ವಿಗಾಟೊ’ ಕೂಡ ರೇಟಿಂಗ್, ಇನ್ಸೆಂಟಿವ್‌ಗಳ ಸುತ್ತಲೇ ಹೆಚ್ಚು ಸುತ್ತುತ್ತದೆ. ಬಾಗಿಲ ಆಚೆ ಯಾರಿದ್ದಾರೋ ಎಂಬ ಅಳುಕು ಅದರ ಮುಖ್ಯ ವಸ್ತುವಲ್ಲ. ಆ ಚಿತ್ರವನ್ನು ಇನ್ನೂ ಯಾರಾದರೂ ಮಾಡಬೇಕಿದೆ.

ಮತ್ತೆ ಲೋಚ್ ಅವರಿಗೆ ಬಂದರೆ, ಆಸ್ಪತ್ರೆಯಲ್ಲಿ ಆ್ಯಬಿ ಫೋನ್ ಕಸಿದುಕೊಂಡು ಮಲೋನಿಗೆ ಬಾಯಿಗೆ ಬಂದಂತೆ ಬಯ್ಯುತ್ತಾಳೆ. ಪ್ರೇಕ್ಷಕರಿಗೆ ಚಪ್ಪಾಳೆ ತಟ್ಟುವ ಆಸೆಯಾಗುವ ಕ್ಷಣ. ಲೋಚ್ ತಟ್ಟಲು ಬಿಡುವುದಿಲ್ಲ. ಮರುಕ್ಷಣವೇ ಅವಳಿಗೆ ತನ್ನ ಬಾಯಿಯ ಬಗ್ಗೆಯೇ ನಾಚಿಕೆ. ಮುದುಕರ, ರೋಗಿಗಳ ಆರೈಕೆ ಮಾಡಿ ಬದುಕುವವಳು ತಾನು, ಹೀಗೆಲ್ಲ ಬಯ್ಯುವವಳಲ್ಲ ಎಂದು ಸುತ್ತಲಿನವರ ಮುಂದೆ ಅಳುತ್ತಾಳೆ. ಡೆಬಿ ಹನಿವುಡ್ ಇದನ್ನು ನಟನೆ ಎನಿಸದ ಹಾಗೆ ಮಾಡಿದ್ದಾರೆ. ಬೈಗುಳದಿಂದ ಬಾಕಿಯಲ್ಲಿ ಒಂದು ಪೆನ್ನಿಯೂ ಕಡಿಮೆಯಾಗುವುದಿಲ್ಲ.

ಮರುದಿನ ಬೆಳಿಗ್ಗೆ ಒಂದು ಕಣ್ಣು ಮುಚ್ಚಿಹೋದ ಮುಖದಲ್ಲೇ ರಿಕ್ಕಿ ವ್ಯಾನ್ ಹತ್ತುವುದನ್ನು ಕೆಲವರು ನಾಟಕೀಯ ಎಂದರು. ಮನೆಯವರು ಅಡ್ಡ ನಿಂತರೂ ಅವನು ನಿಲ್ಲಿಸುವುದಿಲ್ಲ. ನನಗೆ ಅದರಲ್ಲಿ ಉತ್ಪ್ರೇಕ್ಷೆ ಕಾಣಲಿಲ್ಲ. ಆ್ಯಬಿಯ ಕಾರು ಮಾರಿ ವ್ಯಾನಿಗೆ ಮುಂಗಡ ಕಟ್ಟಿದ್ದಾರೆ, ಬದಲಿ ಚಾಲಕ ಸಿಗದ ಪ್ರತಿ ದಿನಕ್ಕೂ ದಂಡ ಇದೆ, ಈಗ ಸ್ಕ್ಯಾನರಿನ ಸಾವಿರ ಪೌಂಡ್ ಸೇರಿದೆ. ಮಲಗಿದಷ್ಟೂ ಸಾಲ ಬೆಳೆಯುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತು.