ಇಪ್ಪತ್ನಾಲ್ಕನೇ ಕಲಮಿನ ಕಳ್ಳಗಿಂಡಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಹೊಗಳದವರೇ ಕಡಿಮೆ. ಏಳಿದ್ದ ವೈಕಲ್ಯಗಳ ಪಟ್ಟಿ ಇಪ್ಪತ್ತೊಂದಾಯಿತು, ಆಟಿಸಂಗೂ ಅದರಲ್ಲಿ ಜಾಗ ಸಿಕ್ಕಿತು. ಒಪ್ಪೋಣ. ದುಡ್ಡಿನ ಮಾತು ಬಂದಾಗ ಈ ಕಾಯ್ದೆ ನುಣುಚಿಕೊಳ್ಳುವ ಪರಿಯನ್ನು ಮಾತ್ರ ಹೊಗಳುವವರು ಓದಿದಂತಿಲ್ಲ.

ಕಲಂ 24 ನೋಡಿ. ಅಂಗವಿಕಲರು ಮರ್ಯಾದೆಯಿಂದ ಬದುಕಲು ಸರ್ಕಾರ ಯೋಜನೆ ರೂಪಿಸಬೇಕು, ಆದರೆ ತನ್ನ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ. ಈ ಷರತ್ತು ಸಂವಿಧಾನದ 41ನೇ ವಿಧಿಯಿಂದ ಬಂದದ್ದು. ಅದು ನಿರ್ದೇಶಕ ತತ್ವ. ಅದನ್ನು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. 1950ರ ಬಡ ದೇಶಕ್ಕೆ ಆ ಎಚ್ಚರಿಕೆ ಒಪ್ಪುತ್ತಿತ್ತು. 1995ರ ಕಾಯ್ದೆ ಅದನ್ನು ಹಾಗೇ ಎತ್ತಿಕೊಂಡಿತು, 2016ರದ್ದೂ ಕೈಬಿಡಲಿಲ್ಲ. ಹಕ್ಕಿನ ಕಾನೂನಿನೊಳಗೆ ಬಂದು ಕೂತ ಮೇಲೆ ಅದರ ಕೆಲಸವೇ ಬೇರೆಯಾಯಿತು. ಕೊಡಬೇಕಾದವನೇ ತನ್ನ ಮಿತಿ ಎಷ್ಟೆಂದು ಹೇಳುತ್ತಾನೆ. ಲೆಕ್ಕ ತೋರಿಸು ಎಂದು ಈ ಕಲಂ ಅವನನ್ನು ಕೇಳುವುದಿಲ್ಲ.

ಅದೇ ಕಲಮಿನ ಇನ್ನೊಂದು ಮಾತು ಉದಾರವಾಗಿ ಕಾಣುತ್ತದೆ: ಬೇರೆಯವರಿಗೆ ಸಿಗುವ ಅಂಥದ್ದೇ ನೆರವಿಗಿಂತ ಅಂಗವಿಕಲರಿಗೆ ಕನಿಷ್ಠ ಶೇ 25 ಹೆಚ್ಚು ಕೊಡಬೇಕು. ಕೇಂದ್ರದ ಅಂಗವಿಕಲ ಪಿಂಚಣಿ 2012ರಿಂದ ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿದ್ದು ಕನಿಷ್ಠ ಶೇ 80 ವೈಕಲ್ಯ ಇದ್ದವರಿಗೆ. ಎಂಬತ್ತು ವರ್ಷದೊಳಗಿನ ವೃದ್ಧರಿಗೆ 200. ಕಾನೂನು ಕೇಳುವುದು 250, ಸಿಗುತ್ತಿರುವುದು 300. ಕಾಯ್ದೆ ಪಾಲನೆಯಾಯಿತು! ಮುದುಕರ ಇನ್ನೂರು ಕದಲದಿದ್ದರೆ ಈ ಮುನ್ನೂರೂ ಕದಲಬೇಕಾಗಿಲ್ಲ. ಬೆಲೆ ಏರಿದಂತೆಲ್ಲ ಅದು ತಾನಾಗಿ ಸವೆಯುತ್ತದೆ, ಕಡಿತವೆಂದು ಯಾರೂ ಘೋಷಿಸುವ ಅಗತ್ಯವೂ ಬೀಳುವುದಿಲ್ಲ.

ಮಿತಿ ಎಂಬುದರ ಹುಳುಕು ಚೆನ್ನೈಯಿಂದ ಚೆನ್ನಾಗಿ ಕಾಣುತ್ತದೆ. ಬೌದ್ಧಿಕ ವೈಕಲ್ಯ ಇರುವವರಿಗೆ ತಮಿಳುನಾಡು ತಿಂಗಳಿಗೆ ಕೊಡುವ ನಿರ್ವಹಣಾ ಭತ್ಯೆ 2,000. ಗುಮ್ಮಿಡಿಪೂಂಡಿ ದಾಟಿ ತಡಾಕ್ಕೆ ಕಾಲಿಟ್ಟರೆ ಆಂಧ್ರ; ಅಲ್ಲಿ 2024ರ ಜುಲೈಯಿಂದ ಅಂಗವಿಕಲ ಪಿಂಚಣಿ 6,000. ಆರ್ಥಿಕತೆಯಲ್ಲಿ ದೊಡ್ಡದು ತಮಿಳುನಾಡೇ. ಅಂಗವಿಕಲರ ಟಾರಾಟ್‌ಡ್ಯಾಕ್ ಸಂಘಟನೆ ಚೆನ್ನೈಯಲ್ಲಿ ಬೀದಿಗಿಳಿದು ಕೇಳುತ್ತಿರುವುದೂ ಆಂಧ್ರದಷ್ಟು ಕೊಡಿ ಎಂದೇ. ವಿಶ್ವಬ್ಯಾಂಕ್ ಸಾಲ ತಂದು ಅಂಗವಿಕಲರಿಗಾಗಿ 'ರೈಟ್ಸ್' ಯೋಜನೆ ಹೂಡಿದ್ದಕ್ಕೆ ರಾಜ್ಯಕ್ಕೆ ಮೆಚ್ಚುಗೆ ಸಲ್ಲಲಿ. ಭತ್ಯೆಯ ಪ್ರಶ್ನೆಗೆ ಅದು ಉತ್ತರವಲ್ಲ.

ಇನ್ನು ನಮ್ಮ ಲೆಕ್ಕಾಚಾರದ ಪಂಡಿತರು. ಈ ಕಾಯ್ದೆಯನ್ನು ಜಾರಿ ಮಾಡಲೆಂದೇ ಇರುವ ಕೇಂದ್ರ ಯೋಜನೆಗೆ 2022-23ರಲ್ಲಿ ಇಟ್ಟದ್ದು ಸುಮಾರು 240 ಕೋಟಿ, ಮರುವರ್ಷ 150 ಕೋಟಿ. ಕೊಟ್ಟದ್ದೇ ಖರ್ಚಾಗಲಿಲ್ಲ, ಇಳಿಸಿದರೆ ತಪ್ಪೇನು ಎನ್ನುತ್ತಾರೆ ಇವರು. ಖರ್ಚಾಗದ ಹಣಕ್ಕೂ ಬೇಡದ ಹಣಕ್ಕೂ ವ್ಯತ್ಯಾಸ ತಿಳಿಯದವರು ವಿಶೇಷ ಶಾಲೆಯೊಂದರ ಫಿಸಿಯೋಥೆರಪಿ ಕೋಣೆಗೆ ಒಮ್ಮೆ ಹೋಗಿ ಬರಲಿ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮೀನಖಂಡವನ್ನು ದಿನವೂ ಹಿಗ್ಗಿಸಬೇಕು, ಇಲ್ಲದಿದ್ದರೆ ಅದು ಬಿಗಿದು ಹಿಮ್ಮಡಿ ಮೇಲೇಳುತ್ತದೆ, ಮಗು ತುದಿಗಾಲಿನಲ್ಲೇ ನಿಲ್ಲುತ್ತದೆ. ಕಾಲು ಬೆಳೆದಂತೆ ಪ್ಲಾಸ್ಟಿಕ್ ಸ್ಪ್ಲಿಂಟ್ ಕಚ್ಚತೊಡಗುತ್ತದೆ, ಹೊಸದು ಮಾಡಿಸಬೇಕು. ಇಂಥ ಶಾಲೆಗೆ ಸರ್ಕಾರ ಕೊಡುವ ಅನುದಾನ ಮಾತ್ರ ತಪಾಸಣೆ, ಬಳಕೆ ಪ್ರಮಾಣಪತ್ರ ಎಲ್ಲ ದಾಟಿ ಬರಬೇಕು. ಅಲ್ಲಿಯವರೆಗೆ ಥೆರಪಿಸ್ಟ್‌ಗೆ ಸಂಬಳ ಯಾರು ಕೊಡಬೇಕು? ಸಣ್ಣ ಸಂಸ್ಥೆ ಅರ್ಜಿ ಹಾಕುವುದನ್ನೇ ಬಿಡುತ್ತದೆ, ಕಡತದಲ್ಲಿ ಬೇಡಿಕೆ ಇಲ್ಲ ಎಂದಾಗುತ್ತದೆ.

ಕಾಯ್ದೆ ಚೆನ್ನಾಗಿದೆ, ಜಾರಿ ಸರಿಯಿಲ್ಲ ಎಂಬ ಸವಕಲು ತೀರ್ಪನ್ನು ನಾನು ಒಪ್ಪಲಾರೆ. ಜಾರಿ ಸರಿಯಾಗಿಯೇ ಆಗಿದೆ: ಕಲಂ 24 ಬಿಟ್ಟ ಕಿಂಡಿಯಲ್ಲಿ ಸರ್ಕಾರ ನುಸುಳಿದೆ, ಅಷ್ಟೆ. ಆ ಷರತ್ತನ್ನು ಕಿತ್ತುಹಾಕಲಿ. ಆಗದಿದ್ದರೆ ಮಿತಿ ಎಷ್ಟೆಂದು ಅಂಕಿಯಲ್ಲಿ ಸದನದ ಮುಂದಿಡಲಿ. ಸರ್ಕಾರಿ ನೌಕರರ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಜೊತೆ ಏರುತ್ತದೆ. ಮುನ್ನೂರು ರೂಪಾಯಿಯನ್ನೂ ಅದೇ ಸೂಚ್ಯಂಕಕ್ಕೆ ಕಟ್ಟಲು ಅಡ್ಡಿ ಏನು?